ಡ್ಯಾಶ್‌ಬೋರ್ಡಿಗೆ ಡ್ರಿಲ್ ಹಿಡಿಯುವ ಮುನ್ನ

ಕುವೈತ್‌ನಲ್ಲಿ ಹಳೇ ಕಾರು ಸಾಕುವ, ಸರಿಮಾಡುವ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ



ಶುವೈಖ್‌ನ ಗ್ಯಾರೇಜುಗಳಲ್ಲಿ ವೈರಿಂಗ್ ಕೆಲಸ ಹಿಡಿದಿರುವ ನಮ್ಮ ಕರಾವಳಿಯ ಹುಡುಗರಿಗೂ, ಮಂಗಾಫ್, ಸಾಲ್ಮಿಯಾ, ಅಬ್ಬಾಸಿಯಾದ ಕಟ್ಟಡಗಳ ಕೆಳಗೆ ಹಳೇ ಕಾರಿಗೆ ಹೊದಿಕೆ ಹೊದಿಸಿ ಸಾಕುತ್ತಿರುವ ಮಾಲೀಕರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ ಇವರು ಅವರ ಮೇಲೆ, ಅವರು ಇವರ ಮೇಲೆ ಹಾಕಿ ಸುಮ್ಮನಾಗುತ್ತಾರೆ. ವಿಷಯ ಸಣ್ಣದು. ಹಳೇ ಕಾರಿನಲ್ಲಿ ಕೈಗೆ ಸಿಗದ ಸ್ವಿಚ್ಚನ್ನೋ ಗುಂಡಿಯನ್ನೋ ಕೈಗೆ ಸಿಗುವ ಜಾಗಕ್ಕೆ ತರುವುದು. ಈ ಕೆಲಸವೇ ಬೇಡ ಎನ್ನುವ ಪಂಗಡದವನು ನಾನಲ್ಲ. ವರ್ಷಾನುಗಟ್ಟಲೆ ಅದೇ ಕೆಲಸದಲ್ಲಿ ಅನ್ನ ತಿಂದವನು. ಆದರೆ ಈಗೀಗ ನನ್ನ ಮುಂದೆ ಬಂದು ನಿಲ್ಲುವ ಕಾರುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊನ್ನೆ ಬಂದ 70ರ ದಶಕದ ಅಮೆರಿಕದ ಕಾರು ಕ್ಯಾಪ್ರೀಸನ್ನೇ ತೆಗೆದುಕೊಳ್ಳಿ. ಸ್ಟೇರಿಂಗ್ ಕೆಳಗೆ ಒಂದು ತಗಡಿನ ಪಟ್ಟಿ, ಅದರ ಮೇಲೆ ನಾಲ್ಕು ಟಾಗಲ್ ಸ್ವಿಚ್ಚು, ನಾಲ್ಕೂ ಒಂದೇ ಥರ. ಯಾವುದು ಹೆಡ್‌ಲೈಟು, ಯಾವುದು ರೇಡಿಯೇಟರ್ ಫ್ಯಾನು ಎಂದು ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದದ್ದು ಬೆವರಿಗೆ ಅಳಿಸಿಹೋಗಿತ್ತು. ಪಟ್ಟಿಯನ್ನು ಕೂರಿಸಲು ಡ್ಯಾಶ್‌ಬೋರ್ಡಿನ ಅಂಚಿಗೆ ಡ್ರಿಲ್ ಹೊಡೆದಿದ್ದಾರೆ. ಮೊದಲ ತೂತು ಓರೆಯಾಯಿತೆಂದು ಪಕ್ಕದಲ್ಲೇ ಇನ್ನೊಂದು. ಬ್ಯಾಟರಿಯಿಂದ ನೇರವಾಗಿ ಎಳೆದ ಕೆಂಪು ವೈರು ಇಂಜಿನ್ ಕಡೆಯ ತಗಡಿನ ಗೋಡೆಯನ್ನು ದಾಟುವಲ್ಲಿ ರಬ್ಬರ್ ಗ್ರಾಮೆಟ್ ಇಲ್ಲ, ದಾರಿಯಲ್ಲಿ ಫ್ಯೂಸೂ ಇಲ್ಲ. ಜೋಡಣೆಗೆ ಸುತ್ತಿದ ಕಪ್ಪು ಟೇಪು ಇಲ್ಲಿನ ಬಿಸಿಲಿಗೆ ಕರಗಿ, ಅಂಟು ಹೊರಬಂದು, ಎರಡು ವೈರೂ ಒಂದಕ್ಕೊಂದು ಮೆತ್ತಿಕೊಂಡಿದ್ದವು. ಆ ಟೇಪಿನ ಒಳಗೆ ತಾಮ್ರ ತಾಮ್ರಕ್ಕೆ ತಾಗಲು ಇನ್ನೊಂದು ಬೇಸಿಗೆ ಸಾಕಿತ್ತು.

ಸುತ್ತಿದ ಟೇಪು ಏಕೆ ನಿಲ್ಲುವುದಿಲ್ಲ ಎಂದು ಕೇಳುವವರಿಗೆ ಒಂದು ಲೆಕ್ಕ. 2016ರ ಜುಲೈ 21ರಂದು ಇದೇ ಕುವೈತ್‌ನ ಮಿತ್ರಿಬಾದಲ್ಲಿ 53.9 ಡಿಗ್ರಿ ಉಷ್ಣಾಂಶ ದಾಖಲಾಯಿತು. ಅದು ನೆರಳಿನ ಅಳತೆ. ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ.

ಆ ಕಾರಿನ ಮಾಲೀಕರನ್ನು ಕೇಳಿದೆ: ಹೆಡ್‌ಲೈಟ್ ಗುಂಡಿ ಅದರ ಜಾಗದಲ್ಲೇ ಇದೆಯಲ್ಲ, ಇನ್ನೊಂದು ಸ್ವಿಚ್ಚು ಏಕೆ? "ಕೈಗೆ ಸಿಗಲ್ಲ ಮಾರಾಯ್ರೆ" ಎಂದರು. ಕೂತು ನೋಡಿದೆ. ನಿಜ, ಸಿಗಲಿಲ್ಲ. ಹಳೇ ಉದ್ದ ಸೀಟನ್ನು ಕಿತ್ತು ಸ್ಪೋರ್ಟ್ಸ್ ಸೀಟು ಹಾಕಿಸಿದ್ದರು. ಅದು ಕೆಳಗೂ ಕೂರುತ್ತದೆ, ಹಿಂದಕ್ಕೂ ಕೂರುತ್ತದೆ. ದೊಡ್ಡ ಸ್ಟೇರಿಂಗ್ ತೆಗೆದು ಪುಟ್ಟದನ್ನು ಹಾಕಿಸಿದ್ದರು. ಗುಂಡಿಯ ಎದುರಿಗೇ ಫೋನಿನ ಸ್ಟ್ಯಾಂಡು. ಗುಂಡಿ ಎಲ್ಲಿಗೂ ಹೋಗಿಲ್ಲ, ಇವರೇ ಅದರಿಂದ ದೂರ ಹೋಗಿದ್ದಾರೆ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಯಾವುದೇ ಸ್ವಿಚ್ಚನ್ನು ಸರಿಸುವ ಮುನ್ನ, ಅದು ಕೈಗೆ ಸಿಗದಂತೆ ಮಾಡಿದ್ದು ಯಾವುದು ಎಂದು ಹುಡುಕಿ. ಹತ್ತರಲ್ಲಿ ಏಳೆಂಟು ಸಲ ಅದು ಕಾರಿನ ಜೊತೆ ಹುಟ್ಟಿದ್ದಾಗಿರುವುದಿಲ್ಲ, ಆಮೇಲೆ ಬಂದು ಸೇರಿದ್ದಾಗಿರುತ್ತದೆ. ಆಮೇಲೆ ಬಂದದ್ದು ಮೊದಲು ಜರುಗಲಿ.

ಅಮೆರಿಕದ ಕಾರುಗಳ ವಿಷಯದಲ್ಲಿ ಇದಕ್ಕೆ ಗಟ್ಟಿ ಆಧಾರವೇ ಇದೆ. ಅಲ್ಲಿ 1968ರ ಜನವರಿಯಿಂದ ಜಾರಿಗೆ ಬಂದ ವಾಹನ ಸುರಕ್ಷತಾ ನಿಯಮಗಳಲ್ಲಿ 101ನೆಯದು ಈ ವಿಷಯಕ್ಕೇ ಮೀಸಲು. ಸೊಂಟಕ್ಕೂ ಎದೆಗೂ ಬೆಲ್ಟ್ ಬಿಗಿದು ಕೂತ ಚಾಲಕನ ಕೈಗೆ ಹೆಡ್‌ಲೈಟು, ವೈಪರು, ಹಾರ್ನು ಮುಂತಾದವು ಎಟುಕಲೇಬೇಕು ಎಂದು ಅದು ವಿಧಿಸಿತು. ಹಾಗಾಗಿ 70ರ ದಶಕದ ಕ್ಯಾಪ್ರೀಸಿನ ಹೆಡ್‌ಲೈಟ್ ಗುಂಡಿ ಕೈಗೆ ಸಿಗುತ್ತಿಲ್ಲವೆಂದರೆ ನಾನು ಮೊದಲು ಅನುಮಾನಪಡುವುದು ಸೀಟನ್ನು.

ಅದಕ್ಕಿಂತ ಹಳೆಯ ಕಾರುಗಳ ಕಥೆ ಬೇರೆ. ಅವುಗಳ ಡ್ಯಾಶ್‌ಬೋರ್ಡ್ ಬೆಲ್ಟ್ ಇಲ್ಲದ ಮನುಷ್ಯನಿಗೆಂದು ಮಾಡಿದ್ದು. ಮುಂದಕ್ಕೆ ಬಾಗಿ ಬೇಕಾದ್ದನ್ನು ಎಳೆದುಕೊಳ್ಳುತ್ತಾನೆ ಬಿಡಿ ಎಂಬ ಲೆಕ್ಕ. ಈಗ ನಾವು ಅದಕ್ಕೆ ಮೂರು ಕಡೆ ಬಿಗಿಯುವ ಬೆಲ್ಟ್ ಹಾಕಿಸುತ್ತೇವೆ. ಹಾಕಿಸಲೇಬೇಕು, ಅದರಲ್ಲಿ ನನ್ನದು ಎರಡು ಮಾತಿಲ್ಲ. ಇಲ್ಲಿ ಆಮೇಲೆ ಬಂದದ್ದು ಬೆಲ್ಟು, ಆದರೆ ಅದನ್ನು ಜರುಗಿಸುವ ಹಾಗಿಲ್ಲ. ಆಗ ಗುಂಡಿ ಜಾಗ ಬಿಡಬೇಕಾಗುತ್ತದೆ. ಅದರಲ್ಲೂ ಮೊದಲು ಬೆಲ್ಟನ್ನೇ ಒಮ್ಮೆ ನೋಡಿ. ತಾನೇ ಸುತ್ತಿಕೊಳ್ಳುವ ರೀಲ್ ಇರುವ ಬೆಲ್ಟ್ ಹಾಕಿದ್ದರೆ ನಿಧಾನಕ್ಕೆ ಬಾಗಿದರೆ ಬಿಟ್ಟುಕೊಡುತ್ತದೆ. ಬಿಗಿದು ಕಟ್ಟುವ ಹಳೇ ಮಾದರಿಯದು ಒಂದು ಅಂಗುಲವೂ ಬಿಡುವುದಿಲ್ಲ. ಗಾಬರಿಯಲ್ಲಿ ಗಬಕ್ಕನೆ ಬಾಗಿದರೆ ರೀಲ್ ಇದ್ದದ್ದೂ ಬಿಡುವುದಿಲ್ಲ ಎನ್ನುವುದು ನೆನಪಿರಲಿ. ಗಾಬರಿಯಲ್ಲಿ ಬೇಕಾಗುವ ಸ್ವಿಚ್ಚುಗಳ ಪಟ್ಟಿಯನ್ನು ನಾನು ಬೇರೆ ಮಾಡಿಕೊಳ್ಳುವುದು ಇದಕ್ಕೇ.

ಆ ಪಟ್ಟಿ ಈ ದೇಶದಲ್ಲಿ ಯಾವುದು ಎಂದು ನಿಮಗೆ ನಾನು ಹೇಳಬೇಕಿಲ್ಲ. ಧೂಳಿನ ಬಿರುಗಾಳಿಯಲ್ಲಿ ಗಾಡಿ ಓಡಿಸಿದ್ದೀರಿ. 2022ರ ಮೇ ತಿಂಗಳಲ್ಲಿ ವಿಮಾನ ಹಾರಾಟವನ್ನೇ ನಿಲ್ಲಿಸಿದ್ದರಲ್ಲ, ಆ ದಿನಗಳಲ್ಲಿ ಜಹ್ರಾ ರಸ್ತೆಯಲ್ಲಿ ಇದ್ದವರಿಗೆ ಗೊತ್ತು. ಎದುರಿಗಿದ್ದ ಲಾರಿ ನೋಡನೋಡುತ್ತಲೇ ಮಾಯ. ಆಗ ಒಂದರ ಹಿಂದೆ ಒಂದು ಬೇಕು ಹೆಡ್‌ಲೈಟು, ನಾಲ್ಕೂ ಇಂಡಿಕೇಟರ್ ಒಮ್ಮೆಲೇ ಮಿನುಗಿಸುವ ಹಜಾರ್ಡು, ಗಾಜಿಗೆ ನೀರು ಚಿಮ್ಮಿಸುವ ವಾಷರು, ಆಮೇಲೆ ವೈಪರು. ಈ ಕ್ರಮದಲ್ಲೇ, ಏಕೆಂದರೆ ಒಣ ಧೂಳಿನ ಮೇಲೆ ವೈಪರ್ ಹಾಕಿದರೆ ಗಾಜಿಗೆ ಗೀರು ಬೀಳುತ್ತದೆ. 60ರ ದಶಕದ ಎಷ್ಟೋ ಕಾರುಗಳಲ್ಲಿ ಹಜಾರ್ಡ್ ಇಲ್ಲವೇ ಇಲ್ಲ. ಅದನ್ನು ಹೊಸದಾಗಿ ಸೇರಿಸುವುದನ್ನು ಯಾವ ಶುದ್ಧವಾದಿಯೂ ಬೇಡ ಎನ್ನಬಾರದು, ಎಂದರೆ ಅವನನ್ನು ಕೂರಿಸಿಕೊಂಡು ಮೇ ತಿಂಗಳಲ್ಲಿ ಒಂದು ಸುತ್ತು ಹೋಗಿಬನ್ನಿ. ಉಳಿದಂತೆ ಸಿಗರೇಟ್ ಲೈಟರು, ರೇಡಿಯೋ, ಒಳಗಿನ ದೀಪ, ಚೋಕು ಇವೆಲ್ಲ ನಿಧಾನಕ್ಕೆ ಬಾಗಿ ಮುಟ್ಟಿದರೆ ಸಾಕು. ಅವಕ್ಕೆ ಡ್ರಿಲ್ ಹಿಡಿಯಬೇಡಿ.

ಕಾಲಡಿಯ ಡಿಪ್ಪರ್ ಬಗ್ಗೆ ಜಗಳವೇ ಇದೆ. ಊರಲ್ಲಿ ಹಳೇ ಅಂಬಾಸಿಡರ್ ಓಡಿಸಿದವರಿಗೆ ಕ್ಲಚ್ ಪಕ್ಕದ ಆ ಗುಂಡಿಯ ಪರಿಚಯವಿದೆ, ಎಡಗಾಲಿನಲ್ಲಿ ಟಕ್ ಎಂದು ಒತ್ತಿದರೆ ಡಿಮ್, ಇನ್ನೊಮ್ಮೆ ಒತ್ತಿದರೆ ಬ್ರೈಟ್. ಹಳೇ ಜೀಪಿನಲ್ಲಿ, ಲ್ಯಾಂಡ್ ರೋವರಿನಲ್ಲಿ, ಅಮೆರಿಕದ ಬಹುಪಾಲು ಕಾರುಗಳಲ್ಲಿ ಅಲ್ಲೇ ಇತ್ತು. ಈಗಿನ ಹುಡುಗರಿಗೆ ಅದು ಅಸಹ್ಯ. ಬಂದವರೆಲ್ಲ "ಸ್ಟೇರಿಂಗಿಗೆ ತಂದುಬಿಡಿ" ಎನ್ನುತ್ತಾರೆ. ನನ್ನ ಮಟ್ಟಿಗೆ ಆಟೋಮ್ಯಾಟಿಕ್ ಗೇರಿನ ಕಾರಿನಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎಡಗಾಲಿಗೆ ಬೇರೆ ಕೆಲಸವೇ ಇಲ್ಲ, ಕೈ ಎರಡೂ ಸ್ಟೇರಿಂಗ್ ಮೇಲೆ. ಕ್ಲಚ್ ಇರುವ ಕಾರಿನಲ್ಲಿ, ತಿರುವಿನಲ್ಲಿ ಗೇರ್ ಬದಲಿಸುತ್ತ ಎದುರು ಗಾಡಿಗೆ ಡಿಮ್ ಕೊಡಬೇಕಾದಾಗ ಕಷ್ಟ ಹೌದು. ಆದರೆ ಕುವೈತ್‌ನಲ್ಲಿ ಆಗುಂಬೆ ಘಾಟಿ ಎಲ್ಲಿದೆ? ಇಲ್ಲಿನ ನಿಜವಾದ ತೊಂದರೆ ಮರಳು. ಕಾಲಡಿಯ ಮ್ಯಾಟಿನ ಕೆಳಗೆ ಸೇರಿದ ಮರಳು ಆ ಗುಂಡಿಯ ಸಂದಿಗೆ ಇಳಿದು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಆಗ ಡಿಮ್ಮೂ ಇಲ್ಲ, ಬ್ರೈಟೂ ಇಲ್ಲ, ಕತ್ತಲೆ. ಅದಕ್ಕೆ ಮದ್ದು ಗುಂಡಿಯನ್ನು ಮೇಲೆ ತರುವುದಲ್ಲ. ಬಿಚ್ಚಿ ತೊಳೆದು, ರಬ್ಬರ್ ಟೋಪಿ ಹಾಕಿ, ತಿಂಗಳಿಗೊಮ್ಮೆ ಮ್ಯಾಟ್ ಕೊಡವುವುದು.

ಏಸಿ ಪೆಟ್ಟಿಗೆಯ ಮಾತಿಗೆ ಬರುತ್ತೇನೆ. ಇಲ್ಲಿ ಏಸಿ ಇಲ್ಲದೆ ಹಳೇ ಕಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೋಕೇಸಿನ ಬೊಂಬೆ ಅಷ್ಟೆ. ಹಾಗಾಗಿ ಡ್ಯಾಶ್‌ಬೋರ್ಡಿನ ಕೆಳಗೆ ನೇತುಹಾಕುವ ಪೆಟ್ಟಿಗೆ ಬರುತ್ತದೆ, ಬಂದು ಹ್ಯಾಂಡ್‌ಬ್ರೇಕಿನ ಎದುರಿಗೇ ಕೂರುತ್ತದೆ. ಹಳೇ ಲ್ಯಾಂಡ್ ಕ್ರೂಸರ್ ಎಫ್‌ಜೆ40ಯಲ್ಲಿ ಹ್ಯಾಂಡ್‌ಬ್ರೇಕು ಕೊಡೆ ಹಿಡಿಯ ಹಾಗೆ ಎಳೆದು ತಿರುಗಿಸುವಂಥದು, ಡ್ಯಾಶ್‌ಬೋರ್ಡಿನ ಕೆಳಗೆ. ಪೆಟ್ಟಿಗೆಗೆ ತಾಗುತ್ತದೆಂದು ಆ ಹಿಡಿಯನ್ನೇ ಪಕ್ಕಕ್ಕೆ ಸರಿಸಿ, ಕೇಬಲ್ಲಿಗೆ ಒಂದು ಬಾಗು ಕೊಟ್ಟು ಕೂರಿಸಿದ್ದನ್ನು ನೋಡಿದ್ದೇನೆ. ಕೇಬಲ್ ಬಾಗಿದಷ್ಟೂ ಒಳಗೆ ತಿಕ್ಕಾಟ ಹೆಚ್ಚು, ಕೈಯ ಬಲ ಬ್ರೇಕಿಗೆ ಮುಟ್ಟುವುದೇ ಕಡಿಮೆ. ಮುತ್ಲಾ ಏರಿನಲ್ಲಿ ನಿಲ್ಲಿಸಿ ಇಳಿದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಏಸಿ ಪೆಟ್ಟಿಗೆಯನ್ನು ನಾಲ್ಕು ಬೆರಳು ಆಚೆಗೆ ಸರಿಸಿದ್ದರೆ ಮುಗಿಯುತ್ತಿತ್ತು. ಅದಕ್ಕೆ ಗ್ಯಾಸ್ ಖಾಲಿ ಮಾಡಿ ಮತ್ತೆ ತುಂಬಬೇಕು, ಎರಡು ಪೈಪು ಹೊಸದು ಮಾಡಿಸಬೇಕು, ಒಂದು ದಿನ ಹಿಡಿಯುತ್ತದೆ. ಹ್ಯಾಂಡ್‌ಬ್ರೇಕ್ ಸರಿಸುವುದಾದರೆ ಒಂದು ಗಂಟೆಯ ಕೆಲಸ. ಗಂಟೆಯ ಲೆಕ್ಕ ಗೆದ್ದಿತು.

ಎಫ್‌ಜೆ40ಯದ್ದೇ ಇನ್ನೊಂದು ವಿಷಯ. ಅದರ ಡ್ಯಾಶ್‌ಬೋರ್ಡಿನಲ್ಲಿ ಚೋಕಿನ ಗುಂಡಿಯ ಜೊತೆಗೆ ಕೈಯಲ್ಲಿ ಎಳೆದು ಇಂಜಿನ್ ವೇಗ ಏರಿಸುವ ಥ್ರಾಟಲ್ ಗುಂಡಿಯೂ ಇರುತ್ತಿತ್ತು. ಎರಡೂ ನೋಡಲು ಒಂದೇ ಥರ. ಚೋಕೆಂದು ಥ್ರಾಟಲ್ ಎಳೆದರೆ ಗೇರಿನಲ್ಲಿದ್ದ ಗಾಡಿ ಜಿಗಿಯುತ್ತದೆ. ಇದಕ್ಕೆ ಜಾಗ ಬದಲಿಸುವ ಅಗತ್ಯವೇ ಇಲ್ಲ. ಒಂದರ ತಲೆಗೆ ಬೇರೆ ಆಕಾರದ ಗುಂಡಿ ಕೂರಿಸಿ, ಕಣ್ಣು ಮುಚ್ಚಿದರೂ ಬೆರಳಿಗೆ ಗೊತ್ತಾಗಬೇಕು.

ಸರಿಸಲೇಬಾರದ ನಾಲ್ಕು ಇವೆ: ಪೆಡಲು, ಸ್ಟೇರಿಂಗು, ಗೇರು, ಇಗ್ನಿಷನ್ ಕೀಲಿ. ಪೆಡಲಿನ ವಿಷಯದಲ್ಲಿ ಒಂದೇ ವಿನಾಯಿತಿ ನಾನು ಒಪ್ಪುವುದು. 1920ರ ದಶಕದ ಬೆಂಟ್ಲಿಯಂಥ ಕಾರುಗಳಲ್ಲಿ ಆಕ್ಸಿಲರೇಟರ್ ನಡುವೆ, ಬ್ರೇಕು ಬಲಕ್ಕೆ ಇರುತ್ತಿತ್ತು. ಈಗಿನ ಚಾಲಕ ಗಾಬರಿಯಲ್ಲಿ ನಡುವಿನದನ್ನೇ ಒತ್ತುತ್ತಾನೆ. ಅಂಥದನ್ನು ಪರಿಣತರ ಕೈಯಲ್ಲಿ ಬದಲಿಸಿಕೊಂಡವರನ್ನು ನಾನು ಬೈಯುವುದಿಲ್ಲ. ಆದರೆ ಅಂಥ ಕಾರು ನಮ್ಮ ನಿಮ್ಮ ಕಟ್ಟಡದ ಕೆಳಗೆ ನಿಂತಿಲ್ಲ ಬಿಡಿ. ಊರಿಂದ ಅಂಬಾಸಿಡರ್ ತರಿಸಿ ಬಲಗಡೆಯ ಸ್ಟೇರಿಂಗನ್ನು ಎಡಕ್ಕೆ ಹಾಕಿಸುವ ಯೋಚನೆ ಒಬ್ಬಿಬ್ಬರಿಗೆ ಇದೆ ಎಂದು ಕೇಳಿದ್ದೇನೆ. ದಯವಿಟ್ಟು ಬೇಡ. ಹಳೇ ಲ್ಯಾಂಡ್ ರೋವರಿನಲ್ಲಿ ಮೀಟರುಗಳನ್ನು ನಡುವೆ ಇಟ್ಟದ್ದೂ 1959ರ ಮಿನಿಯಲ್ಲಿ ಸ್ಪೀಡೋಮೀಟರ್ ನಡುವೆ ಇದ್ದದ್ದೂ ಕಾರ್ಖಾನೆಯಲ್ಲೇ ಎಡ ಬಲ ಎರಡೂ ಬಗೆ ತಯಾರಿಸಲು ಅನುಕೂಲವಾಗಿತ್ತು. ನಮ್ಮಲ್ಲಿ ಸ್ಟೇರಿಂಗಿನ ಕಡೆ ಬದಲಿಸಲು ಹೋದರೆ ಸ್ಟೇರಿಂಗ್ ಬಾಕ್ಸು, ಬ್ರೇಕಿನ ಮಾಸ್ಟರ್ ಸಿಲಿಂಡರು, ಪೆಡಲ್ ಕೂರುವ ತಗಡು ಎಲ್ಲವನ್ನೂ ವೆಲ್ಡಿಂಗ್ ಮೇಲೆ ನಂಬಬೇಕಾಗುತ್ತದೆ.

ಗೇರಿನ ಜಾಗದಲ್ಲಿ ಬುದ್ಧಿ ತೋರಿಸಲು ಹೋದವರು ದೊಡ್ಡ ಕಂಪನಿಯವರೂ ಇದ್ದರು. ಫೋರ್ಡ್ ಕಂಪನಿ 1958ರ ಎಡ್ಸೆಲ್ ಕಾರಿನಲ್ಲಿ ಆಟೋಮ್ಯಾಟಿಕ್ ಗೇರಿನ ಒತ್ತುಗುಂಡಿಗಳನ್ನು ಸ್ಟೇರಿಂಗಿನ ನಡುವೆ, ಹಾರ್ನ್ ಇರುವ ಜಾಗದಲ್ಲಿ ಇಟ್ಟಿತು. ಕೈ ಸ್ಟೇರಿಂಗ್ ಬಿಡದೆ ಗೇರ್ ಹಾಕಬಹುದು ಎಂಬುದು ಹೆಗ್ಗಳಿಕೆ. ಜನ ಹಾರ್ನ್ ಹೊಡೆಯಲು ಹೋಗಿ ಗೇರಿನ ಗುಂಡಿ ಒತ್ತತೊಡಗಿದರು. ಮುಂದಿನ ವರ್ಷದ ಮಾದರಿಯಲ್ಲಿ ಅದು ಇರಲಿಲ್ಲ. ಕೈಗೆ ಹತ್ತಿರ ತಂದರೆ ಸಾಲದು. ಆ ಜಾಗದಲ್ಲಿ ಕೈ ಮೊದಲೇ ಏನನ್ನು ಹುಡುಕುತ್ತದೆ ಎನ್ನುವುದನ್ನೂ ನೋಡಬೇಕು. ಮನೆಯಲ್ಲಿ ಇನ್ನೊಂದು ಹೊಸ ಕಾರು ಓಡಿಸುವ ಮಾಲೀಕರೇ, ನಿಮ್ಮ ಕೈಗೆ ಆ ಕಾರಿನ ಅಭ್ಯಾಸವಿದೆ. ಹಳೇ ಕಾರಿಗೆ ಇಂಡಿಕೇಟರ್ ಕಡ್ಡಿ ಸೇರಿಸುವುದಾದರೆ ಹೊಸ ಕಾರಿನಲ್ಲಿ ಅದು ಇರುವ ಕಡೆಗೇ ಸೇರಿಸಿ, ಚೆಂದ ಕಾಣುವ ಕಡೆಗಲ್ಲ.

ಇನ್ನು ನಮ್ಮ ಹುಡುಗರಿಗೆ ಕೆಲಸದ ಕ್ರಮ. ಮೂಲ ವೈರಿಂಗಿಗೆ ಕಟಿಂಗ್ ಪ್ಲೇಯರ್ ತಾಗಿಸಬೇಡಿ. ಹಳೇ ಸ್ವಿಚ್ಚಿನ ಸಾಕೆಟ್ಟಿಗೆ ಹೊಂದುವ ಸಾಕೆಟ್ಟು ಅಮ್ಘರಾದ ಗುಜರಿ ಮಾರುಕಟ್ಟೆಯಾದ ಸಕ್ರಾಬ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಅದರಿಂದ ನಡುವೆ ಒಂದು ತುಂಡು ವೈರಿಂಗ್ ತಯಾರಿಸಿ, ಬೇಡವೆಂದ ದಿನ ಎಳೆದು ತೆಗೆಯುವಂತಿರಬೇಕು. ಹೊಸ ಸ್ವಿಚ್ಚಿನೊಳಗೆ ದೀಪದ ಪೂರ್ತಿ ಕರೆಂಟ್ ಹರಿಸಬೇಡಿ. 55 ವಾಟ್‌ನ ಎರಡು ಬಲ್ಬಿಗೆ 12 ವೋಲ್ಟಿನಲ್ಲಿ ಒಂಬತ್ತು ಆಂಪಿಯರ್ ಹತ್ತಿರ ಬರುತ್ತದೆ, ಆ ಚೈನಾ ಟಾಗಲ್ ಒಂದು ತಿಂಗಳಲ್ಲಿ ಸುಟ್ಟು ಕರಕಲು. ರಿಲೇ ಹಾಕಿದರೆ ಸ್ವಿಚ್ಚಿನ ಮೂಲಕ ಹೋಗುವುದು ಅರ್ಧ ಆಂಪಿಯರ್‌ಗಿಂತಲೂ ಕಡಿಮೆ. 6 ವೋಲ್ಟಿನ ಕಾರಾದರೆ ಅದೇ ದೀಪಕ್ಕೆ ಕರೆಂಟು ಇಮ್ಮಡಿ, ವೈರೂ ಅದಕ್ಕೆ ತಕ್ಕ ದಪ್ಪ ಬೇಕು. ಹಳೇ ಇಂಗ್ಲಿಷ್ ಕಾರಾದರೆ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಅರ್ತ್ ಆಗಿದೆಯೋ ಎಂದು ಮೊದಲು ನೋಡಿ, ನೋಡದೆ ಹಾಕಿದರೆ ಹೊಸ ಫ್ಲಾಶರ್ ಆ ಕ್ಷಣವೇ ಹೋಯಿತು.

ಅಮೆರಿಕದ ಕಾರುಗಳ ಹೆಡ್‌ಲೈಟ್ ಸ್ವಿಚ್ಚಿನ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಆ ಸ್ವಿಚ್ಚಿನ ಹೊಟ್ಟೆಯಲ್ಲೇ ಒಂದು ಸರ್ಕ್ಯೂಟ್ ಬ್ರೇಕರ್ ಇರುತ್ತದೆ. ಎಲ್ಲೋ ಶಾರ್ಟ್ ಆದರೆ ಫ್ಯೂಸ್ ಸುಟ್ಟು ಪೂರ್ತಿ ಕತ್ತಲಾಗುವ ಬದಲು ದೀಪ ಹತ್ತಿ ಆರಿ ಹತ್ತಿ ಆರಿ ಮಾಡುತ್ತದೆ, ರಸ್ತೆ ಬದಿಗೆ ಬರುವಷ್ಟು ಬೆಳಕಂತೂ ಕೊಡುತ್ತದೆ. ಆ ಸ್ವಿಚ್ಚನ್ನು ಬಿಟ್ಟು ಬ್ಯಾಟರಿಯಿಂದ ನೇರ ಎಳೆದವರು ಆ ರಕ್ಷಣೆಯನ್ನೂ ಕಿತ್ತುಹಾಕಿದಂತಾಯಿತು. ಹಾಗಾಗಿ ರಿಲೇಗೆ ಹೋಗುವ ದಾರಿಯಲ್ಲಿ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. ಎಡ ದೀಪಕ್ಕೊಂದು, ಬಲ ದೀಪಕ್ಕೊಂದು ಬೇರೆ ಬೇರೆ ಇದ್ದರೆ ಇನ್ನೂ ಒಳ್ಳೆಯದು.

ಹೊಸ ಸ್ವಿಚ್ಚಿನ ಪಟ್ಟಿಯನ್ನು ಕೂರಿಸಲು ತೂತು ಬೇಡ. ಡ್ಯಾಶ್‌ಬೋರ್ಡಿನ ಕೆಳ ಅಂಚಿನಲ್ಲಿ ಈಗಾಗಲೇ ಇರುವ ಸ್ಕ್ರೂಗಳನ್ನೇ ಬಳಸಿ, ಇಲ್ಲದಿದ್ದರೆ ಕಚ್ಚಿ ಹಿಡಿಯುವ ಕ್ಲಾಂಪ್ ಮಾಡಿ. ಸ್ಟೇರಿಂಗ್ ಕಂಬಕ್ಕೆ ಬಿಗಿಯುವುದಾದರೆ ಎಚ್ಚರ. 60ರ ದಶಕದ ಕೊನೆಯಿಂದ ಬಂದ ಎಷ್ಟೋ ಕಂಬಗಳು ಡಿಕ್ಕಿಯಾದಾಗ ಒಳಕ್ಕೆ ಕುಸಿಯುವಂತೆ ಮಾಡಿದವು. ಅದರ ಮೇಲೆ ದಪ್ಪ ಕಬ್ಬಿಣದ ಪಟ್ಟಿ ಬಿಗಿದರೆ ಅದು ಕುಸಿಯದೆ ಚಾಲಕನ ಎದೆಗೇ ಬರುತ್ತದೆ. ಮೊಣಕಾಲು ತಾಗುವಲ್ಲಿ ಚೂಪು ತುದಿ ಇರಕೂಡದು. ಕಳಚಿದ ಹಳೇ ಗುಂಡಿ, ಸ್ಕ್ರೂ, ಬ್ರಾಕೆಟ್ಟು ಒಂದು ಡಬ್ಬಿಯಲ್ಲಿ ಹಾಕಿ, ಚೀಟಿ ಅಂಟಿಸಿ, ಮಾಲೀಕರ ಕೈಗೇ ಕೊಡಿ. ಯಾವ ಬಣ್ಣದ ವೈರು ಎಲ್ಲಿಗೆ ಹೋಗಿದೆ ಎಂದು ಒಂದು ಹಾಳೆಯಲ್ಲಿ ಬರೆದು ಗಾಡಿಯ ನೋಂದಣಿ ದಫ್ತರ್ ಜೊತೆ ಇಡಿ. ನಿಮ್ಮ ನಂತರ ಆ ಕಾರು ಬಿಚ್ಚುವವನು ನಿಮ್ಮನ್ನು ಶಪಿಸದಿರಲಿ.

ಮಾಲೀಕರು ಇದೆಲ್ಲ ಅತಿಯಾಯಿತು ಎನ್ನಬಹುದು. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ತನ್ನ ಟ್ಯೂರಿನ್ ಸನ್ನದಿನಲ್ಲಿ ಹೇಳಿರುವುದೂ ಹೆಚ್ಚು ಕಡಿಮೆ ಇದನ್ನೇ: ಬದಲಾವಣೆ ಅನಿವಾರ್ಯವಾದರೆ ಮೂಲ ಸ್ವರೂಪ ಕೆಡದಿರಲಿ, ಆದಷ್ಟು ಹಿಂದಕ್ಕೆ ತರುವಂತಿರಲಿ, ಮಾಡಿದ್ದಕ್ಕೆ ದಾಖಲೆ ಇರಲಿ. ಮುಂದೆ ಮಾರುವ ದಿನ ಡ್ಯಾಶ್‌ಬೋರ್ಡಿನ ಒಂದು ತೂತು ಎಷ್ಟು ದಿನಾರ್ ಕಡಿಮೆ ಮಾಡುತ್ತದೆ ಎಂದು ಖರೀದಿಗೆ ಬಂದವರೇ ನಿಮಗೆ ಹೇಳುತ್ತಾರೆ. ಹಾಗೆಯೇ ಒಂದು ದಿನದ ಕೆಲಸಕ್ಕೆ ಒಂದು ಗಂಟೆಯ ಕೂಲಿ ಕೊಟ್ಟು, ಸಂಜೆಯೊಳಗೆ ಬೇಕು ಎಂದು ತಲೆ ಮೇಲೆ ನಿಲ್ಲಬೇಡಿ. ಆ ಕ್ಯಾಪ್ರೀಸಿನ ಟೇಪಿನ ಸುತ್ತು ಯಾರ ಅವಸರ ಎಂದು ನನಗೆ ಅರ್ಥವಾಗುತ್ತದೆ, ಅದು ಬರೀ ಹುಡುಗನದ್ದಲ್ಲ.

ಕೆಲಸ ಒಪ್ಪಿಸುವ ಮುನ್ನ ಒಮ್ಮೆ ಶುವೈಖ್‌ನಲ್ಲೇ ಇರುವ ಐತಿಹಾಸಿಕ ಮತ್ತು ಕ್ಲಾಸಿಕ್ ಕಾರುಗಳ ಮ್ಯೂಸಿಯಮ್ಮಿಗೆ ಹೋಗಿಬನ್ನಿ. 2010ರಲ್ಲಿ ತೆರೆದದ್ದು, ನಮ್ಮ ಗ್ಯಾರೇಜುಗಳಿಂದ ದೂರವಿಲ್ಲ. ಕುವೈತ್‌ಗೆ ಮೊದಲ ಕಾರು ಬಂದದ್ದು 1912ರಲ್ಲಿ, ಶೇಖ್ ಮುಬಾರಕ್ ಅವರಿಗೆ, ಬೆಲ್ಜಿಯಂನ ಮಿನರ್ವಾ. ಆ ಕಾಲದ ಕಾರುಗಳಲ್ಲಿ ಎಷ್ಟೋ ಕಡೆ ಗೇರು, ಹ್ಯಾಂಡ್‌ಬ್ರೇಕು ಬಾಗಿಲಿನ ಹೊರಗೇ ಇರುತ್ತಿದ್ದವು. ಫೋರ್ಡಿನ ಮಾಡೆಲ್ ಟಿಯಲ್ಲಿ ಮೂರು ಪೆಡಲಿದ್ದರೂ ಆಕ್ಸಿಲರೇಟರ್ ಇದ್ದದ್ದು ಕೈಯಲ್ಲಿ, ಸ್ಟೇರಿಂಗ್ ಕೆಳಗಿನ ಕಡ್ಡಿಯಾಗಿ. ರಜೆಗೆ ಊರಿಗೆ ಹೋದಾಗ ಧರ್ಮಸ್ಥಳದ ಕಾರು ಸಂಗ್ರಹವನ್ನೂ, ಅಲ್ಲಿನ ಟ್ರಸ್ಟಿನವರೇ ಶ್ರೀರಂಗಪಟ್ಟಣದ ಹತ್ತಿರ ಮಾಡಿರುವ 'ಪಯಣ' ಕಾರು ಮ್ಯೂಸಿಯಮ್ಮನ್ನೂ ನೋಡಿ. ಹೊರಗಿನ ಬಣ್ಣದ ಫೋಟೋ ಸಾಕು ಮಾಡಿ, ಕಿಟಕಿಯಿಂದ ಬಗ್ಗಿ ಡ್ಯಾಶ್‌ಬೋರ್ಡಿನ ಫೋಟೋ ತೆಗೆಯಿರಿ. ನಿಮ್ಮದೇ ಮಾದರಿಯ ಕಾರು ಸಿಕ್ಕರೆ ಯಾವ ಗುಂಡಿ ಮೂಲತಃ ಎಲ್ಲಿತ್ತು, ಸೀಟು ಎಷ್ಟು ಎತ್ತರವಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆ ಕ್ಯಾಪ್ರೀಸು ಇನ್ನೂ ನನ್ನ ಶೆಡ್ಡಿನಲ್ಲೇ ಇದೆ. ಟಾಗಲ್ ಪಟ್ಟಿ ತೆಗೆದಾಯಿತು, ಹಜಾರ್ಡಿಗೆ ಮಾತ್ರ ಕ್ಲಾಂಪಿನ ಮೇಲೆ ಸಣ್ಣ ಸ್ವಿಚ್ಚು ಕೂರಿಸಿ ರಿಲೇ ಹಾಕುತ್ತಿದ್ದೇನೆ, ಏಕೆಂದರೆ ಮೂಲದ್ದು ಸ್ಟೇರಿಂಗ್ ಬದಲಿಸಿದಾಗ ಮುರಿದಿದೆ. ಮಾಲೀಕರು ದೊಡ್ಡ ಸ್ಟೇರಿಂಗ್ ವಾಪಸ್ ಹಾಕಿಸಲು ಒಪ್ಪಿದ್ದಾರೆ, ಸೀಟಿಗೆ ಇನ್ನೂ ಒಪ್ಪಿಲ್ಲ. ಆ ಕಾಲದ ಕ್ಯಾಪ್ರೀಸಿನ ಉದ್ದ ಸೀಟು, ಹರಿದಿದ್ದರೂ ಅಡ್ಡಿಯಿಲ್ಲ, ಕೆಳಗಿನ ರೈಲು ನೆಟ್ಟಗಿರಬೇಕು, ಅಮ್ಘರಾದಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ ಶುಕ್ರವಾರದೊಳಗೆ ಹೇಳಿಕಳಿಸಿ. ಅದನ್ನು ತಂದಿಟ್ಟು, ಅವರನ್ನು ಕೂರಿಸಿ, ಕೈ ಚಾಚಲು ಹೇಳಿ ನೋಡೋಣ.

ಇಂತಿ,
ಶುವೈಖ್‌ನ ಒಬ್ಬ ಹಳೇ ಎಲೆಕ್ಟ್ರಿಷಿಯನ್